ಕರಂಡೆ ಹಣ್ಣು: ಊಟಕ್ಕೆ ಮಿತ್ರ, ಔಷಧಕ್ಕೆ ಎಚ್ಚರ

ಚೈತ್ರ ಕಳೆದು ವೈಶಾಖ ಕಾಲಿಡುವ ಹೊತ್ತಿಗೆ ಬೊರಿವಲಿಯ ಬೀದಿಗಳಲ್ಲಿ ಒಂದು ಪುಟ್ಟ ಕಪ್ಪು ಹಣ್ಣು ಕಾಣಿಸಿಕೊಳ್ಳುತ್ತದೆ. ಬಿದಿರಿನ ಬುಟ್ಟಿಯನ್ನು ಮುಂದಿರಿಸಿಕೊಂಡು, ಎಲೆಯ ದೊನ್ನೆಗಳನ್ನು ಪಕ್ಕದಲ್ಲಿ ಪೇರಿಸಿಕೊಂಡು ಕುಳಿತ ಆದಿವಾಸಿ ಹೆಂಗಸರು ಅದನ್ನು ಮಾರುತ್ತಾರೆ. ಮರಾಠಿಯಲ್ಲಿ ಅದರ ಹೆಸರು ಕರವಂದ. ‘ಡೋಂಗರ್‌ಚೀ ಕಾಳೀ ಮೈನಾ’, ಅಂದರೆ ಬೆಟ್ಟದ ಕಪ್ಪು ಮೈನಾ, ಎಂಬುದು ಅದರ ಮುದ್ದಿನ ಹೆಸರು. ತುಳುನಾಡಿನಿಂದ ಬಂದವರಿಗೆ ಅದೇ ಕರಂಡೆ. ಉತ್ತರ ಕನ್ನಡದವರಿಗೂ ಬೆಳಗಾವಿ, ಖಾನಾಪುರಗಳ ಕಡೆಯವರಿಗೂ ಅದು ಕವಳಿ. ಇನ್ನು ಕೆಲವೆಡೆ ಕರೇಕಾಯಿ, ಗರ್ಜಿಗೆ ಎಂಬ ಹೆಸರುಗಳೂ ಉಂಟು. ಸಂಸ್ಕೃತದ ವೈದ್ಯಗ್ರಂಥಗಳು ಇದನ್ನು ಕರಮರ್ದವೆಂದು ಕರೆದಿವೆ.

ಕನ್ನಡ ನಾಡಿನ ಯಾವ ಮೂಲೆಯಿಂದ ಹೊರಟವರಾದರೂ ಈ ಹಣ್ಣಿನ ಒಂದು ಹೆಸರನ್ನು ನಾಲಗೆಯ ಮೇಲೆ ಇರಿಸಿಕೊಂಡೇ ಮುಂಬಯಿಗೆ ಬಂದಿದ್ದಾರೆ. ಆದರೆ ಅವರ ಮಕ್ಕಳು, ಮೊಮ್ಮಕ್ಕಳು ಆ ಬುಟ್ಟಿಯ ಮುಂದೆ ಹಾದುಹೋಗುವಾಗ ಅದರ ಹೆಸರನ್ನು ಯಾವ ಭಾಷೆಯಲ್ಲಿಯೂ ಹೇಳಲಾರರು. ಅದೇ ಮನೆಯ ಹಿರಿಯರ ಕೈಗೆ ಮಾತ್ರ ಸಕ್ಕರೆ ಕಾಯಿಲೆಗೆ ಕರಂಡೆಯ ಚೂರ್ಣ, ರಕ್ತಹೀನತೆಗೆ ಕರಂಡೆಯ ಕಷಾಯ ಎಂಬ ಸಂದೇಶಗಳು ಮೊಬೈಲ್ ದೂರವಾಣಿಯ ಮೂಲಕ ದಿನವೂ ಬಂದು ಬೀಳುತ್ತಿರುತ್ತವೆ. ಊಟದೆಲೆಯಿಂದ ಎದ್ದುಹೋದ ಪದಾರ್ಥವೊಂದು ಔಷಧದ ಸೀಸೆಯಲ್ಲಿ ಪುನಃ ಪ್ರತ್ಯಕ್ಷವಾಗುತ್ತಿರುವುದು ಈ ಕಾಲದ ಒಂದು ವಿಪರ್ಯಾಸ. ಈ ಎರಡು ಬದಲಾವಣೆಗಳಲ್ಲಿ ಯಾವುದೂ ಒಳ್ಳೆಯದಲ್ಲವೆಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಗಿಡದ ಪರಿಚಯ

ಕರಂಡೆ ಸಾಮಾನ್ಯವಾಗಿ ಆಳೆತ್ತರದ, ಒತ್ತಾಗಿ ಹರಡುವ ಮುಳ್ಳಿನ ಪೊದೆ. ಎಲೆ ದಪ್ಪ, ಮೇಲ್ಭಾಗ ನುಣುಪು; ಮುಳ್ಳು ಗಟ್ಟಿ, ಅನೇಕ ವೇಳೆ ಕವಲೊಡೆದದ್ದು. ಬೇಸಗೆಯ ಆರಂಭದಲ್ಲಿ ಮಲ್ಲಿಗೆಯನ್ನು ನೆನಪಿಗೆ ತರುವ ಬಿಳಿಯ, ಸುವಾಸನೆಯುಳ್ಳ ಹೂವುಗಳು ಗೊಂಚಲು ಗೊಂಚಲಾಗಿ ಅರಳುತ್ತವೆ. ಕಾಯಿ ಮೊದಲು ಹಸಿರು, ಅನಂತರ ನಸುಗೆಂಪು, ಮಾಗಿದಾಗ ಕಡುನೇರಳೆಯಿಂದ ಕಪ್ಪು. ಕಾಯನ್ನು ಕಿತ್ತೊಡನೆ ತೊಟ್ಟಿನಿಂದ ಬಿಳಿಯ ಹಾಲು ಒಸರುತ್ತದೆ. ಸಸ್ಯಶಾಸ್ತ್ರಜ್ಞರು ಇದಕ್ಕಿಟ್ಟ ಹೆಸರು ಕ್ಯಾರಿಸ್ಸಾ ಕರಂಡಾಸ್. ಈ ಹೆಸರಿನ ಎರಡನೆಯ ಪದ ಲ್ಯಾಟಿನ್ ವೇಷ ಧರಿಸಿದ್ದರೂ ಮೂಲದಲ್ಲಿ ಪೂರ್ವದೇಶದ ಆಡುಮಾತಿನದೇ. ಕರಮರ್ದ, ಕರವಂದ, ಕರಂಡೆಗಳೊಡನೆ ಅದರ ಬಾಂಧವ್ಯ ಕಿವಿಗೇ ಗೊತ್ತಾಗುತ್ತದೆ.

ಈ ಗಿಡ ಕಣಗಿಲೆಯ ಕುಟುಂಬಕ್ಕೆ ಸೇರಿದ್ದೆಂಬ ಸಂಗತಿಯನ್ನು ವಾಚಕರು ಗಮನದಲ್ಲಿಡಬೇಕು. ಕಣಗಿಲೆ ವಿಷವೆಂಬುದು ಸರ್ವವಿದಿತ. ಒಂದೇ ವಂಶದಲ್ಲಿ ಒಬ್ಬ ಸಾಧುವೂ ಇನ್ನೊಬ್ಬ ಉಗ್ರನೂ ಹುಟ್ಟುವಂತೆ, ಆ ಕುಟುಂಬದ ಬಹಳಷ್ಟು ಸಸ್ಯಗಳು ವಿಷಮಯವಾಗಿದ್ದರೂ ಕರಂಡೆಯ ಹಣ್ಣು ಮಾತ್ರ ಶತಮಾನಗಳಿಂದ ಮನುಷ್ಯರ ಆಹಾರವಾಗಿ ಪರೀಕ್ಷಿತವಾಗಿದೆ. ಹಣ್ಣು ಪರೀಕ್ಷಿತವಾದ ಮಾತ್ರಕ್ಕೆ ಬೇರೂ ತೊಗಟೆಯೂ ಪರೀಕ್ಷಿತವಾದಂತಾಗಲಿಲ್ಲ.

ಕರಾವಳಿಯ ಮುರಕಲ್ಲಿನ ಪದವುಗಳಲ್ಲಿ, ಸಹ್ಯಾದ್ರಿಯ ಒಣ ಇಳಿಜಾರುಗಳಲ್ಲಿ, ಕೊಂಕಣದ ಬೆಟ್ಟಗಳಲ್ಲಿ ನೀರು ಗೊಬ್ಬರಗಳ ಹಂಗಿಲ್ಲದೆ ಕರಂಡೆ ಬೆಳೆಯುತ್ತದೆ. ಹಿಂದೆ ತೋಟಕ್ಕೂ ಗದ್ದೆಗೂ ಇದೇ ಜೀವಂತ ಬೇಲಿ. ದನ ನುಗ್ಗದು, ಮಕ್ಕಳು ಬೇಲಿಯನ್ನೇ ತಿಂದು ಸಂತೋಷಪಡುವರು. ಪದವುಗಳು ಕಲ್ಲಿನ ಕೋರೆಗಳಾಗಿ, ಗೇರು ಮತ್ತು ರಬ್ಬರಿನ ತೋಟಗಳಾಗಿ, ಮನೆ ನಿವೇಶನಗಳಾಗಿ ಮಾರ್ಪಟ್ಟ ಮೇಲೆ ಊರಿನಲ್ಲಿಯೂ ಅದು ವಿರಳವಾಗಿದೆ. ಬೇಸಗೆಯ ರಜೆಯಲ್ಲಿ ಊರಿಗೆ ಹೋಗುವ ಮುಂಬಯಿಯ ಮಗುವಿಗೆ ಅಲ್ಲಿಯೂ ಕರಂಡೆ ಕಾಣಸಿಗದಿರಬಹುದು. ಆದರೆ ಬೊರಿವಲಿಯ ಮಗುವಿಗೆ ಒಂದು ಭಾಗ್ಯವುಂಟು. ಮನೆಯ ಬಾಗಿಲಲ್ಲೇ ಸುಮಾರು 104 ಚದರ ಕಿಲೋಮೀಟರ್ ವಿಸ್ತಾರದ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವಿದೆ. ಕಾನ್ಹೇರಿಯ ಬೌದ್ಧ ಗುಹೆಗಳನ್ನೂ ತುಳಸಿ, ವಿಹಾರ್ ಸರೋವರಗಳನ್ನೂ ಮಡಿಲಲ್ಲಿಟ್ಟುಕೊಂಡ ಈ ಕಾಡಿನ ಇಳಿಜಾರುಗಳಲ್ಲಿ ಕರವಂದದ ಪೊದೆಗಳು ಇಂದಿಗೂ ಹೂ ಬಿಡುತ್ತವೆ.

ಅಡುಗೆಮನೆಯ ಕರಂಡೆ

ಕರಂಡೆಯ ನಿಜವಾದ ರಾಜ್ಯಭಾರ ನಡೆಯುವುದು ಅಡುಗೆಮನೆಯಲ್ಲಿ. ಅಲ್ಲಿ ಕಾಯಿಗೂ ಹಣ್ಣಿಗೂ ಬೇರೆ ಬೇರೆ ಸ್ಥಾನ.

ಹಸಿರು ಎಳೆಗಾಯಿ ಉಪ್ಪಿನಕಾಯಿಗೆ ಯೋಗ್ಯ. ಬೀಜ ಬಲಿಯುವ ಮುನ್ನವೇ ಕಾಯನ್ನು ತಂದು, ತೊಟ್ಟು ತೆಗೆದು, ಉಪ್ಪು ಬೆರೆಸಿದ ನೀರಿನಲ್ಲಿ ಎರಡು ಮೂರು ಬಾರಿ ತೊಳೆದರೆ ಅಂಟುಹಾಲು ಬಿಟ್ಟುಹೋಗುತ್ತದೆ. ಅನಂತರ ಬಟ್ಟೆಯ ಮೇಲೆ ಹರಡಿ ನೀರಿನ ಪಸೆ ಆರಿಸಬೇಕು. ನಾಲ್ಕೈದು ಅಳತೆ ಕಾಯಿಗೆ ಒಂದು ಅಳತೆ ಕಲ್ಲುಪ್ಪು ಸೇರಿಸಿ ಭರಣಿಯಲ್ಲಿ ಕೆಲವು ದಿನ ಇಟ್ಟರೆ ಕಾಯಿ ತಾನೇ ನೀರು ಬಿಟ್ಟುಕೊಂಡು ಸುರುಟುತ್ತದೆ. ಒಣಮೆಣಸು, ಸಾಸಿವೆ, ಇಂಗುಗಳನ್ನು ಆ ಉಪ್ಪುನೀರಿನಲ್ಲಿಯೇ ಅರೆದು ಬೆರೆಸಿದರೆ ಕರಾವಳಿಯ ಉಪ್ಪಿನಕಾಯಿ ಸಿದ್ಧ. ಮಾವಿನ ಮಿಡಿಗೆ ಸಮವಾಗಿ ನಿಲ್ಲಬಲ್ಲ ಉಪ್ಪಿನಕಾಯಿ ಯಾವುದೆಂದು ಕೇಳಿದರೆ ತುಳುನಾಡಿನ ಅನೇಕ ಗೃಹಿಣಿಯರು ಕರಂಡೆಯನ್ನೇ ಹೆಸರಿಸುವರು. ಕುಚ್ಚಲಕ್ಕಿ ಗಂಜಿಯ ಬಟ್ಟಲಿನ ಪಕ್ಕದಲ್ಲಿ ಅದಕ್ಕೆ ಸಲ್ಲುವ ಗೌರವವನ್ನು ಬಲ್ಲವರೇ ಬಲ್ಲರು.

ಎಳೆಗಾಯನ್ನು ತೆಂಗಿನತುರಿ, ಹಸಿಮೆಣಸು, ಉಪ್ಪಿನೊಡನೆ ಅರೆದರೆ ಹುಣಸೆಯ ನೆರವಿಲ್ಲದೆಯೇ ಹುಳಿಯಾದ ಚಟ್ನಿ. ಬೆಲ್ಲ, ಮೆಣಸಿನಪುಡಿ ಬೆರೆಸಿ ಕುದಿಸಿದರೆ ಗೊಜ್ಜು. ನಸುಗೆಂಪಿನ ದೋರೆಗಾಯಿಯಲ್ಲಿ ಪೆಕ್ಟಿನ್ ಎಂಬ ಹೆಪ್ಪುಗಟ್ಟಿಸುವ ಅಂಶ ಧಾರಾಳವಾಗಿರುವುದರಿಂದ ಸಕ್ಕರೆಯೊಡನೆ ಕಾಯಿಸಿದಾಗ ಬೇರಾವ ಪದಾರ್ಥವನ್ನೂ ಸೇರಿಸದೆ ಒಳ್ಳೆಯ ಜೆಲ್ಲಿ ಆಗುತ್ತದೆ. ಹುಳಿ ಪದಾರ್ಥವಾದ ಕಾರಣ ಅಲ್ಯೂಮಿನಿಯಂ ಪಾತ್ರೆಯಲ್ಲಿ ಇದನ್ನು ಕಾಯಿಸಲಾಗದು. ಉಕ್ಕಿನ ಪಾತ್ರೆಯೇ ಲೇಸು. ಪೂರ್ಣ ಮಾಗಿದ ಕಪ್ಪು ಹಣ್ಣಿಗೆ ಮಾತ್ರ ಯಾವ ಪಾಕವೂ ಬೇಡ. ತೊಳೆದು, ಒಂದು ಚಿಟಿಕೆ ಉಪ್ಪು ಸವರಿ ತಿನ್ನುವುದೇ ಅದಕ್ಕೆ ಸಲ್ಲುವ ಮರ್ಯಾದೆ. ಕೊಂಕಣದ ಮಕ್ಕಳು ಹಣ್ಣನ್ನು ಕಚ್ಚುವ ಮುನ್ನ ಇದು ಹುಂಜವೋ ಹೇಂಟೆಯೋ ಎಂದು ಪಂಥ ಕಟ್ಟುತ್ತಾರೆ. ಒಳಗಿನ ತಿರುಳು ಕೆಂಪಾಗಿದ್ದರೆ ಹುಂಜ, ಬಿಳುಪಾಗಿದ್ದರೆ ಹೇಂಟೆ.

ಕರಂಡೆಯನ್ನು ತಾವೆಂದೂ ತಿಂದಿಲ್ಲವೆನ್ನುವ ನಗರವಾಸಿಗಳೂ ಅರಿಯದೆಯೇ ಅದನ್ನು ತಿಂದಿರುತ್ತಾರೆ. ಬೇಕರಿಯ ಕೇಕಿನಲ್ಲಿ, ಐಸ್‌ಕ್ರೀಮಿನ ಶಿಖರದಲ್ಲಿ, ಸಿಹಿ ಪಾನಿನ ನೆತ್ತಿಯಲ್ಲಿ ಚೆರ್ರಿ ಎಂಬ ಹೆಸರಿನಿಂದ ಹೊಳೆಯುವ ಕೆಂಪು ಹಣ್ಣು ಬಹಳ ಸಂದರ್ಭಗಳಲ್ಲಿ ಬೀಜ ತೆಗೆದು, ಬಣ್ಣ ಹಾಕಿ, ಸಕ್ಕರೆ ಪಾಕದಲ್ಲಿ ನೆನೆಸಿದ ಕರಂಡೆಯೇ. ಸ್ವಂತ ಹೆಸರಿನಿಂದ ಬುಟ್ಟಿಯಲ್ಲಿ ಕುಳಿತಾಗ ಅದನ್ನು ಕಾಡುಹಣ್ಣೆಂದು ಕಡೆಗಣಿಸಿ, ಪರದೇಶದ ಹೆಸರು ಧರಿಸಿ ಬಂದಾಗ ಹೆಚ್ಚು ಹಣ ತೆತ್ತು ಬರಮಾಡಿಕೊಳ್ಳುವುದು ನಗರದ ನಾಗರಿಕತೆಗೆ ಶೋಭೆಯಲ್ಲ.

ವೈದ್ಯಶಾಸ್ತ್ರದ ಕರಮರ್ದ

ಸುಶ್ರುತ ಸಂಹಿತೆಯಲ್ಲಿ ಕಂಟಕ ಪಂಚಮೂಲವೆಂಬ ಐದು ಮುಳ್ಳುಗಿಡಗಳ ಬೇರುಗಳ ಗುಂಪಿನಲ್ಲಿ ಕರಮರ್ದಕ್ಕೆ ಸ್ಥಾನವಿದೆ. ಹದಿನಾರನೆಯ ಶತಮಾನದ ಭಾವಮಿಶ್ರನ ಭಾವಪ್ರಕಾಶವು ಕಾಯಿಗೂ ಹಣ್ಣಿಗೂ ಸ್ಪಷ್ಟವಾದ ಭೇದವನ್ನು ಹೇಳುತ್ತದೆ. ಅದರ ಪ್ರಕಾರ ಕಾಯಿ ಹುಳಿ, ಜೀರ್ಣಕ್ಕೆ ಭಾರ, ಉಷ್ಣ. ಬಾಯಾರಿಕೆ ತಣಿಸಿ ರುಚಿ ಹುಟ್ಟಿಸುವುದಾದರೂ ರಕ್ತಪಿತ್ತವನ್ನೂ ಕಫವನ್ನೂ ಹೆಚ್ಚಿಸುವಂಥದು. ಮಾಗಿದ ಹಣ್ಣಾದರೋ ಸಿಹಿ, ಹಗುರ, ಪಿತ್ತ ವಾತಗಳನ್ನು ಶಮನ ಮಾಡುವಂಥದು. ಒಂದೇ ಗಿಡದ ಕಾಯಿಯಲ್ಲಿ ದೋಷವನ್ನೂ ಹಣ್ಣಿನಲ್ಲಿ ಗುಣವನ್ನೂ ಕಂಡ ಪ್ರಾಚೀನರ ವಿವೇಚನೆ ಗಮನಾರ್ಹವಾದುದು. ಕರಂಡೆ ಸರ್ವರೋಗಕ್ಕೂ ಒಳ್ಳೆಯದೆಂದು ಸಾರಾಸಗಟಾಗಿ ಸಾರುವ ಇಂದಿನ ಸಂದೇಶಗಳಲ್ಲಿ ಕಾಣದಿರುವುದು ಈ ವಿವೇಚನೆಯೇ.

ಗ್ರಾಮೀಣ ಪದ್ಧತಿಯಲ್ಲಿ ಕರಂಡೆಯ ಬಳಕೆ ಬಹುಮಟ್ಟಿಗೆ ಸೌಮ್ಯವಾದುದಾಗಿತ್ತು. ಬೇಸಗೆಯ ದಾಹಕ್ಕೆ ಹಣ್ಣಿನ ಪಾನಕ, ಬಾಯಿರುಚಿ ಕೆಟ್ಟಾಗ ಉಪ್ಪಿನಲ್ಲಿಟ್ಟ ಕಾಯಿ, ಪಿತ್ತಕ್ಕೆ ಹಣ್ಣಿನ ರಸ, ಇವು ಮನೆಮದ್ದುಗಳು. ಬೇರನ್ನು ನಾಟಿವೈದ್ಯರು ಬಳಸುತ್ತಿದ್ದುದುಂಟು. ಆದರೆ ಅದರ ಪ್ರಮಾಣವನ್ನೂ ಕಾಲವನ್ನೂ ಅನುಭವದಿಂದ ಬಲ್ಲವರ ಕೈಯಲ್ಲಿ ಮಾತ್ರ.

ಆಧುನಿಕ ವಿಜ್ಞಾನದ ಮಾತನ್ನೂ ಕೇಳುವುದು ಯುಕ್ತ. ಹಣ್ಣಿನಲ್ಲಿ ಸಾವಯವ ಆಮ್ಲಗಳು, ಸಿ ಜೀವಸತ್ವ, ನೇರಳೆ ಬಣ್ಣ ಕೊಡುವ ಆಂಥೋಸಯನಿನ್‌ಗಳು, ನಾರಿನಂಶ ಮತ್ತು ಕಬ್ಬಿಣವಿರುವುದು ನಿಜ. ಆದರೆ ಕಬ್ಬಿಣದ ಬಗ್ಗೆ ಪ್ರಚಾರದಲ್ಲಿರುವ ದೊಡ್ಡ ಅಂಕಿಗಳು ಒಣಗಿಸಿದ ಹಣ್ಣಿಗೆ ಸಂಬಂಧಿಸಿದವು. ನೀರು ಆರಿಹೋದ ಮೇಲೆ ಯಾವ ಹಣ್ಣಿನಲ್ಲಾದರೂ ಪೋಷಕಾಂಶಗಳು ತೂಕಕ್ಕೆ ಹೆಚ್ಚಾಗಿ ತೋರುವುದು ಸಹಜ. ಅದೇ ಅಂಕಿಯನ್ನು ತಾಜಾ ಹಣ್ಣಿಗೆ ಅನ್ವಯಿಸುವುದು ತಪ್ಪು ಲೆಕ್ಕ. ಕಾಯಿಸಿದಾಗಲೂ ದೀರ್ಘಕಾಲ ಇಟ್ಟಾಗಲೂ ಸಿ ಜೀವಸತ್ವ ಕ್ಷೀಣಿಸುವುದರಿಂದ ಭರಣಿಯ ಉಪ್ಪಿನಕಾಯಿಯಲ್ಲಿ ಅದನ್ನು ಹುಡುಕುವುದೂ ವ್ಯರ್ಥ. ಕಾಯಿಯ ಸತ್ತ್ವದಿಂದ ರಕ್ತದ ಸಕ್ಕರೆ ಇಳಿಯಿತೆಂಬ ಪ್ರಯೋಗಗಳು ಇಲಿಗಳ ಮೇಲೆ ನಡೆದಿವೆ. ಇಲಿಯ ದೇಹದಲ್ಲಿ ಕಂಡದ್ದು ಮನುಷ್ಯನಲ್ಲಿಯೂ ಸಿದ್ಧವಾಗುವವರೆಗೆ ಅದನ್ನು ಚಿಕಿತ್ಸೆಯೆಂದು ಕರೆಯುವಂತಿಲ್ಲ. ಬೇರಿನಲ್ಲಿ ಹೃದಯದ ಮೇಲೆ ಪರಿಣಾಮ ಬೀರುವ ದ್ರವ್ಯಗಳಿರುವುದನ್ನು ರಾಸಾಯನಿಕ ಪರೀಕ್ಷೆಗಳು ತೋರಿಸಿವೆ. ಹೃದ್ರೋಗಕ್ಕೆ ಮಾತ್ರೆ ಸೇವಿಸುತ್ತಿರುವ ಹಿರಿಯರು ಕಂಡವರ ಮಾತು ಕೇಳಿ ಬೇರಿನ ಕಷಾಯ ಕುಡಿಯುವುದು ಪ್ರಾಣದೊಡನೆ ಆಡುವ ಜೂಜು.

ಅಮೃತಬಳ್ಳಿ ಕಲಿಸಿದ ಪಾಠ

ಈ ಎಚ್ಚರಿಕೆ ಅತಿಯಾಯಿತೆಂದು ಯಾರಿಗಾದರೂ ತೋರಿದರೆ ಅವರು ಮುಂಬಯಿಯಲ್ಲಿಯೇ ನಡೆದ ಒಂದು ಪ್ರಸಂಗವನ್ನು ನೆನೆಯಬೇಕು. ಕೋವಿಡ್ ಮಹಾಮಾರಿಯ ಕಾಲದಲ್ಲಿ ರೋಗನಿರೋಧಕ ಶಕ್ತಿಗಾಗಿ ಅಮೃತಬಳ್ಳಿಯ ಕಷಾಯ ಕುಡಿಯುವ ಪರಿಪಾಠ ಮನೆಮನೆಗೂ ಹಬ್ಬಿತು. 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗಿನ ಅವಧಿಯಲ್ಲಿ ಆ ಬಳ್ಳಿಯನ್ನು ಸೇವಿಸಿ ಯಕೃತ್ತಿಗೆ ಹಾನಿಯಾದ ಆರು ಮಂದಿ ರೋಗಿಗಳನ್ನು ಮುಂಬಯಿಯ ವೈದ್ಯರು ಗುರುತಿಸಿ 2021ರಲ್ಲಿ ವರದಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಇದನ್ನು ಒಪ್ಪದೆ, ಅಮೃತಬಳ್ಳಿಯನ್ನೇ ಹೋಲುವ ಬೇರೆ ಬಳ್ಳಿಯನ್ನು ರೋಗಿಗಳು ಸೇವಿಸಿರಬಹುದೆಂಬ ಸಂದೇಹವನ್ನು ಮುಂದಿಟ್ಟಿತು. ವಾದ ಯಾವ ಪಕ್ಷದ್ದೇ ಸರಿಯಾಗಿರಲಿ, ಸಾಮಾನ್ಯ ಗೃಹಸ್ಥನಿಗೆ ದೊರೆಯುವ ಪಾಠ ಒಂದೇ. ಗುರುತು ತಪ್ಪಿದರೂ ಅಪಾಯ, ಪ್ರಮಾಣ ಮೀರಿದರೂ ಅಪಾಯ. ಕಾಡಿನ ಸಸ್ಯವೆಂದ ಮಾತ್ರಕ್ಕೆ ನಿರಪಾಯವೆಂಬ ನಂಬಿಕೆಗೆ ಆಯುರ್ವೇದದ ಆಧಾರವೂ ಇಲ್ಲ, ಆಧುನಿಕ ವೈದ್ಯದ ಆಧಾರವೂ ಇಲ್ಲ.

ಸಕ್ಕರೆ ಕಾಯಿಲೆಯೇ ಮೊದಲಾದ ಹಲವು ರೋಗಗಳನ್ನು ಗುಣಪಡಿಸುವುದಾಗಿ ಔಷಧಗಳ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಚಮತ್ಕಾರಿಕ ಪರಿಹಾರಗಳ ಅಧಿನಿಯಮ ನಿಷೇಧಿಸಿದೆ. ಆದರೂ ಚೂರ್ಣದ ಡಬ್ಬಿಗಳು ಬೇರೆ ಬೇರೆ ಮಾತಿನ ಮರೆಯಲ್ಲಿ ಮಾರಾಟವಾಗುತ್ತಲೇ ಇವೆ. ಕೊಳ್ಳುವವರ ವಿವೇಕವೇ ಇಲ್ಲಿ ಕೊನೆಯ ಕಾವಲು.

ರಕ್ತಹೀನತೆಯ ಸಮಸ್ಯೆ ಹಗುರವಾದುದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿಗೂ, ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 67ರಷ್ಟು ಮಂದಿಗೂ ರಕ್ತಹೀನತೆಯಿದೆ. ಇಂಥ ದೇಶದಲ್ಲಿ ರಕ್ತಪರೀಕ್ಷೆ ಮಾಡಿಸಿ ವೈದ್ಯರು ಹೇಳಿದ ಕಬ್ಬಿಣದ ಮಾತ್ರೆ ಸೇವಿಸಬೇಕಾದ ಹೆಣ್ಣುಮಗಳೊಬ್ಬಳು ಕರಂಡೆಯ ಚೂರ್ಣವನ್ನು ನಂಬಿ ಆರು ತಿಂಗಳು ಕಳೆದರೆ ನಷ್ಟ ಆಕೆಯೊಬ್ಬಳದಲ್ಲ, ಆಕೆ ಹೆರಬೇಕಾದ ಮಗುವಿನದೂ ಹೌದು. ಹುಳಿಹಣ್ಣಿನ ಸಿ ಜೀವಸತ್ವ ಬೇಳೆ, ಸೊಪ್ಪುಗಳಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಊಟದೊಡನೆ ಒಂದು ಹಿಡಿ ಹಣ್ಣು ತಿನ್ನುವುದರಿಂದ ಈ ಪ್ರಯೋಜನವುಂಟು. ಅಷ್ಟಕ್ಕೆ ತೃಪ್ತರಾಗಿ, ಚಿಕಿತ್ಸೆಯ ಭಾರವನ್ನು ಅದರ ತಲೆಯ ಮೇಲೆ ಹೊರಿಸದಿರುವುದು ಜಾಣತನ.

ಉಪ್ಪಿನಕಾಯಿಯ ಪ್ರಿಯರಿಗೂ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಉಪ್ಪನ್ನು ಸೂಚಿಸಿದೆ. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಅರ್ಧ ಆಯುಷ್ಯ ಸವೆಸಿ ರಕ್ತದೊತ್ತಡವನ್ನು ಸಂಪಾದಿಸಿಕೊಂಡ ಮುಂಬಯಿವಾಸಿಗೆ ದಿನಕ್ಕೆ ಎರಡು ಕಾಯಿ ಸಾಕು. ಬಟ್ಟಲು ತುಂಬ ಬೇಡ.

ಬುಟ್ಟಿಯ ಲೆಕ್ಕ

ಹಣ್ಣಿನ ಗುಣದೋಷಗಳ ಚರ್ಚೆಯಲ್ಲಿ ಹಣ್ಣು ಮಾರುವವಳನ್ನು ಮರೆಯುವುದು ಅನ್ಯಾಯ. ಈ ಹೆಂಗಸರಲ್ಲಿ ಕೆಲವರು ಉದ್ಯಾನದೊಳಗಿನ ಮತ್ತು ಅಂಚಿನ ಪಾಡಾಗಳ ವಾರಲಿ ಮೊದಲಾದ ಸಮುದಾಯಗಳವರು. ಇನ್ನು ಕೆಲವರು ಪಾಲ್ಘರ್, ಡಹಾಣೂ ಕಡೆಯ ಬೆಟ್ಟಗಳಿಂದ ಬೆಳಗಿನ ರೈಲು ಹಿಡಿದು ಬರುವವರು. 2013ರಲ್ಲಿ ಉಪನಗರ ರೈಲು ಸಂಚಾರ ಡಹಾಣೂವರೆಗೆ ವಿಸ್ತರಿಸಿದ ಮೇಲೆ ಈ ಪಯಣ ಮೊದಲಿಗಿಂತ ಸುಲಭವಾಯಿತು.

ಮುಚ್ಚಿದ ಸೀಸೆಯ ಮೇಲೆ ಅಚ್ಚಾದ ಬೆಲೆಗೆ ಒಂದು ಮಾತೂ ಆಡದ ಗೃಹಸ್ಥರು ಬುಟ್ಟಿಯ ಮುಂದೆ ನಿಂತೊಡನೆ ಐದು ರೂಪಾಯಿಗಾಗಿ ಚೌಕಾಸಿ ಮಾಡುವುದು ನಿತ್ಯದ ನೋಟ. ಕಾಡಿನಲ್ಲಿ ಪುಕ್ಕಟೆ ಸಿಕ್ಕಿದ್ದು ತಾನೇ ಎಂಬುದು ಅವರ ವಾದ. ವಾಣಿಜ್ಯಶಾಸ್ತ್ರದ ಪ್ರಥಮ ವರ್ಷದ ವಿದ್ಯಾರ್ಥಿಯೂ ಈ ವಾದವನ್ನು ಒಪ್ಪಲಾರ. ಮುಳ್ಳಿನ ನಡುವೆ ಒಂದೊಂದೇ ಹಣ್ಣು ಬಿಡಿಸಿದ ಗಂಟೆಗಳು, ಬುಟ್ಟಿ ಹೊತ್ತ ದಾರಿ, ರೈಲಿನ ವೆಚ್ಚ, ಆ ದಿನ ಬಿಟ್ಟುಬಂದ ಕೂಲಿ, ಇವೆಲ್ಲ ಆ ಹಣ್ಣಿನ ಉತ್ಪಾದನಾ ವೆಚ್ಚವೇ. ಮಾಗಿದ ಹಣ್ಣು ಎರಡು ಮೂರು ದಿನಕ್ಕಿಂತ ಹೆಚ್ಚು ಬಾಳದು. ಮಾರಾಟವಾಗದೆ ಉಳಿದ ಸರಕನ್ನು ಅಂಗಡಿಯವನು ಮರುದಿನಕ್ಕೆ ಇಟ್ಟುಕೊಳ್ಳುವನು. ಅವಳ ಉಳಿಕೆ ಸರಕು ಸಂಜೆಯಾದಂತೆ ಬೆಲೆ ಕಳೆದುಕೊಳ್ಳುತ್ತ ಸೊನ್ನೆಗೆ ಬಂದು ನಿಲ್ಲುವುದು. ಇಷ್ಟು ಅಪಾಯವನ್ನು ಹೊತ್ತ ವ್ಯಾಪಾರಕ್ಕೆ ಲಾಭಾಂಶ ಎಷ್ಟಿರಬೇಕೆಂಬುದನ್ನು ಚೌಕಾಸಿ ಮಾಡುವವರೇ ಲೆಕ್ಕ ಹಾಕಲಿ.

ಕುಳಿತುಕೊಳ್ಳುವ ಸ್ಥಳವೂ ಅವಳಿಗೆ ನಿಶ್ಚಿತವಲ್ಲ. ರೈಲು ನಿಲ್ದಾಣಗಳಿಂದ 150 ಮೀಟರ್ ಒಳಗೆ ಬೀದಿ ವ್ಯಾಪಾರ ಕೂಡದೆಂದು ಮುಂಬಯಿ ಉಚ್ಚ ನ್ಯಾಯಾಲಯ 2017ರಲ್ಲಿ ಆದೇಶಿಸಿತು. ಅದೇ ವರ್ಷ ಎಲ್ಫಿನ್‌ಸ್ಟನ್ ರಸ್ತೆ ನಿಲ್ದಾಣದ ಕಾಲುಸೇತುವೆಯ ಕಾಲ್ತುಳಿತದಲ್ಲಿ ಪ್ರಾಣಗಳು ಹೋದುದನ್ನು ನೆನೆದರೆ ಆದೇಶದ ಔಚಿತ್ಯವನ್ನು ಅಲ್ಲಗಳೆಯಲಾಗದು. ಆದರೆ ಬೀದಿ ವ್ಯಾಪಾರಿಗಳ ಜೀವನೋಪಾಯವನ್ನು ರಕ್ಷಿಸುವುದಕ್ಕೆ 2014ರಲ್ಲಿ ಮಾಡಿದ ಕಾನೂನೂ ಅಷ್ಟೇ ಸತ್ಯ. ವರ್ಷವಿಡೀ ಕುಳಿತುಕೊಳ್ಳುವ ವ್ಯಾಪಾರಿಗೆ ಗುರುತಿನ ಚೀಟಿ, ಸಾಲದ ಸೌಲಭ್ಯ ದೊರೆಯುವ ದಾರಿಗಳಿವೆ. 2020ರಲ್ಲಿ ಆರಂಭವಾದ ಸ್ವನಿಧಿ ಯೋಜನೆ ಮೊದಲ ಕಂತಿನಲ್ಲಿ 10,000 ರೂಪಾಯಿಗಳವರೆಗೆ ಸಾಲ ಒದಗಿಸಿತು. ನಗರದ ಸುತ್ತಲಿನ ಹಳ್ಳಿಗಳಿಂದ ಬಂದು ವ್ಯಾಪಾರ ಮಾಡುವವರೂ ಶಿಫಾರಸು ಪತ್ರವಿದ್ದರೆ ಅರ್ಹರೆಂದು ಅದರ ನಿಯಮಗಳು ಹೇಳಿದವು. ವರ್ಷದಲ್ಲಿ ಆರೆಂಟು ವಾರ ಮಾತ್ರ ಬರುವ, ಅಕ್ಷರ ಬಾರದ ಹೆಂಗಸಿಗೆ ಆ ಪತ್ರವನ್ನು ಸಂಪಾದಿಸಿಕೊಡುವವರು ಯಾರು? ಮುಂಬಯಿಯ ಕನ್ನಡ ಸಂಘಗಳಲ್ಲಿ ಬ್ಯಾಂಕು, ಕಚೇರಿಗಳ ಕಾಗದಪತ್ರ ಬಲ್ಲವರಿಗೆ ಕೊರತೆಯಿಲ್ಲ. ವಾರದಲ್ಲಿ ಒಂದು ಸಂಜೆಯನ್ನು ಈ ಕೆಲಸಕ್ಕೆ ಮೀಸಲಿಟ್ಟರೆ ಅದು ಅನ್ನ ಕೊಟ್ಟ ಊರಿನ ಋಣ ತೀರಿಸುವ ಒಂದು ಮಾರ್ಗವಾದೀತು.

ಹಕ್ಕು ಮತ್ತು ಮಿತಿ

ಪರಂಪರೆಯಿಂದ ಸಂಗ್ರಹಿಸುತ್ತ ಬಂದ ಕಿರು ಅರಣ್ಯೋತ್ಪನ್ನಗಳ ಮೇಲೆ ಅರಣ್ಯವಾಸಿಗಳಿಗಿರುವ ಹಕ್ಕನ್ನು 2006ರ ಅರಣ್ಯ ಹಕ್ಕುಗಳ ಕಾಯಿದೆ ಮಾನ್ಯ ಮಾಡಿದೆ. ರಾಷ್ಟ್ರೀಯ ಉದ್ಯಾನಗಳೂ ಅದರ ವ್ಯಾಪ್ತಿಯೊಳಗಿವೆ. ಭಾನುವಾರ ಕುಟುಂಬಸಮೇತ ಉದ್ಯಾನಕ್ಕೆ ಬರುವ ವಿಹಾರಾರ್ಥಿಗೆ ಅಂಥ ಹಕ್ಕು ಯಾವುದೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಸಂರಕ್ಷಿತವಾದ ಆ ನೆಲದಿಂದ ಚೀಲ ತುಂಬ ಹಣ್ಣು ಕಿತ್ತು ತರುವುದು ಅಪರಾಧ. ಹಕ್ಕಿಗಳಿಗೂ ಇತರ ಪ್ರಾಣಿಗಳಿಗೂ ಬಿರುಬೇಸಗೆಯಲ್ಲಿ ಅದೇ ಆಹಾರ. ಅವು ಉದುರಿಸಿದ ಬೀಜದಿಂದಲೇ ಮುಂದಿನ ಪೊದೆ. ಹಣ್ಣು ಬಡ್ಡಿಯಾದರೆ ಪೊದೆ ಅಸಲು. ಬಡ್ಡಿಯಲ್ಲಿ ಒಂದು ಪಾಲನ್ನು ಉಳಿಸಿ ಬರುವ ಪದ್ಧತಿಯನ್ನು ಪಾಡಾದ ಹೆಂಗಸು ತಾಯಿಯಿಂದ ಕಲಿತಿರುತ್ತಾಳೆ. ಔಷಧಕ್ಕೆಂದು ಬೇರು ಅಗೆಯುವವನು ಅಸಲಿಗೇ ಕೈಹಾಕುತ್ತಾನೆ. ಚೂರ್ಣದ ವ್ಯಾಪಾರ ಬೆಳೆದಂತೆಲ್ಲ ಕಾಡಿಗೆ ಒದಗುವ ಹಾನಿ ಈ ಕಾರಣದಿಂದಲೇ ಹೆಚ್ಚಿನದು.

ಆದುದರಿಂದ ಬೊರಿವಲಿಯ ಕನ್ನಡ ಕುಟುಂಬಗಳು ಮಾಡಬಹುದಾದುದು ಸರಳವಾಗಿದೆ. ಹಂಗಾಮಿನಲ್ಲಿ ವಾರಕ್ಕೊಂದು ದೊನ್ನೆ ಹಣ್ಣನ್ನು ಹೇಳಿದ ಬೆಲೆಗೆ ಕೊಂಡು, ಚೆನ್ನಾಗಿ ತೊಳೆದು ಮಕ್ಕಳ ಕೈಗೆ ಕೊಡುವುದು. ಕೊಡುವಾಗ ಅದರ ಕನ್ನಡ ಹೆಸರನ್ನೂ ಮರಾಠಿ ಹೆಸರನ್ನೂ ಹೇಳಿಕೊಡುವುದು. ಎಳೆಗಾಯಿ ಬೇಕೆಂದು ಮುಂಚಿತವಾಗಿ ತಿಳಿಸಿದರೆ ಅದನ್ನೂ ಅವಳು ತಂದಾಳು. ಅಜ್ಜಿಯರ ಕೈಯಲ್ಲಿ ಇನ್ನೂ ಶಕ್ತಿಯಿರುವಾಗಲೇ ಭರಣಿಗೆ ಹಾಕುವ ಕ್ರಮವನ್ನು ಸೊಸೆಯರೂ ಮೊಮ್ಮಕ್ಕಳೂ ಕಲಿತುಕೊಳ್ಳುವುದು. ವಸತಿ ಸಂಘದ ಆವರಣದ ಗೋಡೆಯ ಪಕ್ಕದಲ್ಲಿ, ಮಕ್ಕಳು ಆಡುವ ಜಾಗದಿಂದ ದೂರದಲ್ಲಿ, ಎರಡು ಗಿಡ ನೆಡುವುದು. ತಿಂದ ಹಣ್ಣಿನ ಬೀಜವನ್ನು ಒಣಗಲು ಬಿಡದೆ ಕೂಡಲೇ ಬಿತ್ತಿದರೆ ಮಳೆಗಾಲ ಮುಂದಿನದನ್ನು ನೋಡಿಕೊಳ್ಳುತ್ತದೆ. ರೋಗ ಬಂದಾಗ ಮಾತ್ರ ಕರಂಡೆಯ ಬಳಿಗಲ್ಲದೆ ವೈದ್ಯರ ಬಳಿಗೆ ಹೋಗುವುದು.

ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಕರಂಡೆಯ ಕಾಲ ಮುಗಿಯುತ್ತದೆ. ಬುಟ್ಟಿಗಳು ಮುಂದಿನ ಬೇಸಗೆಯವರೆಗೆ ಕಾಣಿಸವು. ಭರಣಿಯಲ್ಲಿ ಉಪ್ಪುಂಡ ಕಾಯಿಗಳು ಮಾತ್ರ ಗಂಜಿಯೂಟದ ಒಂದು ರಾತ್ರಿಗಾಗಿ ಕಾದಿರುತ್ತವೆ. ಆ ಭರಣಿಯನ್ನು ತುಂಬಿಸುವ ಮನೆಗಳು ಬೊರಿವಲಿಯಲ್ಲಿ ಎಷ್ಟು ಉಳಿಯುವುವೋ, ಅಷ್ಟರ ಮಟ್ಟಿಗೆ ಆ ಬುಟ್ಟಿಗೂ ಆ ಪೊದೆಗೂ ಬಾಳು.